ಡಿಟಾಕ್ಸ್ ಹೊರತೆಗೆಯುವ ವಿಷ ಯಾವುದು?

ಮೈಯೊಳಗೆ ವಿಷ ಸೇರಿಕೊಂಡಿದೆ, ಅದನ್ನು ಆಗಾಗ ಹೊರಹಾಕದಿದ್ದರೆ ಕಾಯಿಲೆ ತಪ್ಪಿದ್ದಲ್ಲ ಎಂಬ ನಂಬಿಕೆಯ ಮೇಲೆ ನಿಂತ ಚಿಕಿತ್ಸೆಗಳಿಗೆಲ್ಲ ಈಗ ಡಿಟಾಕ್ಸ್ ಎಂಬ ಒಂದೇ ಹೆಸರು. ಹಸಿರು ಸೊಪ್ಪಿನ ರಸ, ಬೂದುಗುಂಬಳದ ರಸ, ಮೂರು ದಿನದ ಉಪವಾಸ, ದೊಡ್ಡ ಕರುಳಿಗೆ ನೀರು ಹಾಯಿಸುವ ಎನಿಮಾ, ‘ಲಿವರ್ ಶುದ್ಧಿ’ಗೆ ಎಣ್ಣೆ ಮತ್ತು ನಿಂಬೆರಸ, ಪಾದ ಮುಳುಗಿಸುವ ವಿದ್ಯುತ್ ತೊಟ್ಟಿ, ರಾತ್ರಿ ಅಂಗಾಲಿಗೆ ಅಂಟಿಸುವ ಪಟ್ಟಿ, ಇವೆಲ್ಲ ಅದರೊಳಗೆ ಬರುತ್ತವೆ. ಹತ್ತು ಹದಿನೈದು ವರ್ಷಗಳ ಹಿಂದೆ ಬೆಂಗಳೂರಿನ ದುಬಾರಿ ಸ್ಪಾಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ಈ ಮಾತು ಈಗ ಮೊಬೈಲಿನ ದಾರಿಯಲ್ಲಿ ಎಲ್ಲೆಡೆ ತಲುಪಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಂಥ ಹೋಬಳಿ ಕೇಂದ್ರದಲ್ಲೂ, ತೆಂಗು ಅಡಿಕೆಯ ತೋಟದ ನಡುವಿನ ಮನೆಯಲ್ಲೂ ವಾಟ್ಸ್ಆ್ಯಪ್ ತೆರೆದರೆ ಲಿವರ್ ತೊಳೆಯುವ, ಕಿಡ್ನಿ ತೊಳೆಯುವ, ರಕ್ತ ಶುದ್ಧಿ ಮಾಡುವ ಉಪಾಯಗಳು ಸಿಗುತ್ತವೆ.

ಈ ಚಿಕಿತ್ಸೆಗಳಲ್ಲೆಲ್ಲ ಸಾಮಾನ್ಯವಾದ ಒಂದು ಕೊರತೆಯಿದೆ. ಹೊರಹಾಕಬೇಕಾದ ವಿಷ ಯಾವುದು, ಅದರ ಹೆಸರೇನು, ದೇಹದ ಯಾವ ಭಾಗದಲ್ಲಿ ಎಷ್ಟಿದೆ, ಚಿಕಿತ್ಸೆಯ ನಂತರ ಎಷ್ಟು ಉಳಿಯಿತು ಎಂಬುದನ್ನು ಅವು ಹೇಳುವುದಿಲ್ಲ. 2009ರಲ್ಲಿ ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಸಂಸ್ಥೆಯ ಜೊತೆಗೂಡಿ ಯುವ ವಿಜ್ಞಾನಿಗಳ ತಂಡವೊಂದು ಡಿಟಾಕ್ಸ್ ಹೆಸರಿನಲ್ಲಿ ಮಾರಾಟವಾಗುತ್ತಿದ್ದ 15 ಉತ್ಪನ್ನಗಳನ್ನು ಆಯ್ದು, ಅವುಗಳ ತಯಾರಕರಿಗೆ ಇದೇ ಪ್ರಶ್ನೆ ಕೇಳಿತು. ಡಿಟಾಕ್ಸ್ ಎಂದರೇನು ಎಂಬುದಕ್ಕೆ ಇಬ್ಬರು ತಯಾರಕರು ಒಂದೇ ಅರ್ಥ ಹೇಳಲಿಲ್ಲ. ನಂಬಬಹುದಾದ ಪುರಾವೆಯನ್ನು ಯಾರೂ ಕೊಡಲಿಲ್ಲ. 2015ರಲ್ಲಿ ಡಿಟಾಕ್ಸ್ ಆಹಾರಕ್ರಮಗಳ ಬಗೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದ ಕ್ಲೈನ್ ಮತ್ತು ಕಿಯಾಟ್ ಎಂಬ ಸಂಶೋಧಕರಿಗೆ, ಮಾರುಕಟ್ಟೆಯಲ್ಲಿರುವ ಯಾವುದೇ ಡಿಟಾಕ್ಸ್ ಪಥ್ಯವನ್ನು ಸರಿಯಾದ ತುಲನಾತ್ಮಕ ಪ್ರಯೋಗಕ್ಕೆ ಒಡ್ಡಿದ ಒಂದು ಉದಾಹರಣೆಯೂ ಸಿಗಲಿಲ್ಲ.

ನಂಬಿಕೆಯ ಹಳೆಯ ಬೇರುಗಳು

ಹೊಟ್ಟೆ ತೊಳೆದರೆ ಮೈ ಶುದ್ಧ ಎಂಬ ಭಾವನೆ ಕನ್ನಡ ನಾಡಿಗೆ ಹೊಸದಲ್ಲ. ತುಮಕೂರು ಸೀಮೆಯ ಒಣಬೇಸಾಯದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿಯ ಜೊತೆ ಹರಳು ಗಿಡವೂ ಇರುತ್ತಿತ್ತು. ಮನೆಯಲ್ಲೇ ತೆಗೆದ ಹರಳೆಣ್ಣೆಯನ್ನು ಆಗಾಗ ಮಕ್ಕಳಿಗೆ ಕುಡಿಸಿ ಭೇದಿ ಮಾಡಿಸುವುದು ತಾಯಂದಿರ ಕರ್ತವ್ಯವೆನಿಸಿತ್ತು. ನಂಜು, ಉಷ್ಣ, ಕೆಟ್ಟ ರಕ್ತ ಎಂಬ ಮಾತುಗಳು ಇಂದಿಗೂ ಬಳಕೆಯಲ್ಲಿವೆ. ಆಯುರ್ವೇದದ ಪಂಚಕರ್ಮದಲ್ಲಿ ವಮನ, ವಿರೇಚನ, ಬಸ್ತಿ, ನಸ್ಯ, ರಕ್ತಮೋಕ್ಷಣ ಎಂಬ ಶೋಧನ ಕ್ರಮಗಳಿವೆ. ಶಾಸ್ತ್ರದ ಪ್ರಕಾರ ಇವು ರೋಗಿಯ ವಯಸ್ಸು, ಬಲ, ಋತು ನೋಡಿ, ಪೂರ್ವಸಿದ್ಧತೆಯ ನಂತರ ಮಾಡತಕ್ಕವು. ಯಾರಿಗೆ ಮಾಡಬಾರದು ಎಂಬ ಪಟ್ಟಿಯೂ ಉಂಟು. ಇಂದು ಅದೇ ಹೆಸರನ್ನು ಶನಿವಾರ ಭಾನುವಾರದ ಪ್ಯಾಕೇಜಾಗಿ ಮಾರುವಾಗ ಈ ಎಚ್ಚರಗಳು ಕಳಚಿಹೋಗುತ್ತವೆ.

ಇಂದಿನ ಡಿಟಾಕ್ಸ್ ವಾದದ ಇನ್ನೊಂದು ಬೇರು ಯುರೋಪಿನದು. ಪ್ಯಾರಿಸ್ಸಿನ ವೈದ್ಯ ಶಾರ್ಲ್ ಬುಶಾರ್ 1880ರ ದಶಕದಲ್ಲಿ, ಕರುಳಿನಲ್ಲಿ ನಿಂತ ಮಲದಿಂದ ವಿಷ ರಕ್ತಕ್ಕೆ ಸೇರಿ ರೋಗ ಹುಟ್ಟುತ್ತದೆ ಎಂಬ ವಾದಕ್ಕೆ ಪ್ರಚಾರ ಕೊಟ್ಟ. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಇದನ್ನು ಎಷ್ಟು ನಂಬಿದನೆಂದರೆ, ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಲೂಯಿ ಕೂನೆ, ಎಲ್ಲ ರೋಗಕ್ಕೂ ದೇಹದಲ್ಲಿ ಶೇಖರವಾದ ಅನ್ಯವಸ್ತುವೇ ಕಾರಣವೆಂದು ಸಾರಿ ಸೊಂಟಸ್ನಾನದ ಪದ್ಧತಿ ಹರಡಿದ. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಕೂನೆಯ ಬರಹ ಓದಿ ಪ್ರಭಾವಿತರಾದರು. ಭಾರತದಲ್ಲಿ ಪ್ರಕೃತಿ ಚಿಕಿತ್ಸೆಗೆ ಗೌರವದ ಸ್ಥಾನ ಬರಲು ಗಾಂಧೀಜಿಯವರ ಒಲವು ದೊಡ್ಡ ಕಾರಣ. ಕರ್ನಾಟಕದಲ್ಲಿ 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು ಆರಂಭವಾಗಿ, ಈ ಪದ್ಧತಿ ಪದವಿ ಶಿಕ್ಷಣದ ರೂಪವನ್ನೂ ಪಡೆಯಿತು. ಮಿತಾಹಾರ, ನಡಿಗೆ, ನಿದ್ರೆ, ಮದ್ಯ ತಂಬಾಕಿನ ತ್ಯಾಗ ಎಂಬ ಅದರ ಉಪದೇಶದ ಬಗ್ಗೆ ಯಾವ ವೈದ್ಯರ ತಕರಾರೂ ಇಲ್ಲ. ತಕರಾರು ಇರುವುದು ಶೇಖರವಾದ ವಿಷವೆಂಬ ಸಿದ್ಧಾಂತದ ಬಗ್ಗೆ.

ಆ ಸಿದ್ಧಾಂತ ಪರೀಕ್ಷೆಗೆ ಒಳಗಾಗಿ ಒಂದು ಶತಮಾನವೇ ಕಳೆದಿದೆ. ಮಲಬದ್ಧತೆಯಾದಾಗ ತಲೆನೋವು, ಮಂಕು, ಆಲಸ್ಯ ಬರುವುದು ನಿಜ. ಆದರೆ ಹೊಟ್ಟೆ ಖಾಲಿಯಾದ ಕೂಡಲೇ ಅವು ಮಾಯವಾಗುತ್ತವೆ. ರಕ್ತದಲ್ಲಿ ವಿಷ ಸೇರಿದ್ದರೆ ಅಷ್ಟು ಬೇಗ ಇಳಿಯುವುದು ಸಾಧ್ಯವೇ ಎಂದು ಅಮೆರಿಕದ ವೈದ್ಯ ವಾಲ್ಟರ್ ಆಲ್ವರೆಜ್ 1919ರಲ್ಲಿ ಕೇಳಿದ. ಗುದನಾಳದಲ್ಲಿ ಬರಿಯ ಹತ್ತಿಯನ್ನು ತುಂಬಿದರೂ ಅದೇ ತಲೆನೋವು, ಅದೇ ಮಂಕು ಕಾಣಿಸಿಕೊಳ್ಳುತ್ತವೆ, ಹತ್ತಿ ತೆಗೆದೊಡನೆ ಹೋಗುತ್ತವೆ ಎಂಬುದು ಕಂಡುಬಂತು. ಹತ್ತಿಯಿಂದ ಯಾವ ವಿಷವೂ ರಕ್ತಕ್ಕೆ ಸೇರುವುದಿಲ್ಲ. ಉಬ್ಬಿದ ಕರುಳು ನರಗಳ ಮೂಲಕ ಕಳಿಸುವ ಸಂದೇಶವೇ ಆ ತೊಂದರೆಗೆ ಕಾರಣ. ವೈದ್ಯಶಾಸ್ತ್ರ ಆ ಸಿದ್ಧಾಂತವನ್ನು ಅಲ್ಲಿಗೆ ಕೈಬಿಟ್ಟಿತು. ಮಾರುಕಟ್ಟೆ ಬಿಡಲಿಲ್ಲ.

ದೇಹ ತನ್ನನ್ನು ತಾನೇ ಶುಚಿಯಾಗಿಡುವ ಬಗೆ

ಲಿವರ್ ಎಂದರೆ ಕಾಫಿಯ ಸೋಸುಕದಂತೆ, ಕಸ ಕಟ್ಟಿಕೊಂಡಾಗ ತೊಳೆಯಬೇಕು ಎಂಬ ಚಿತ್ರವನ್ನು ಜಾಹೀರಾತುಗಳು ಜನರ ಮನಸ್ಸಿನಲ್ಲಿ ಮೂಡಿಸಿವೆ. ಈ ಹೋಲಿಕೆ ತಪ್ಪು. ಸುಮಾರು ಒಂದೂವರೆ ಕೆ.ಜಿ. ತೂಗುವ ಲಿವರ್ ಕಸವನ್ನು ತಡೆದು ಇಟ್ಟುಕೊಳ್ಳುವುದಿಲ್ಲ, ರಾಸಾಯನಿಕವಾಗಿ ಬದಲಾಯಿಸುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರೊಳಗೆ ಹಾಯುತ್ತದೆ. ಇದರ ಮುಕ್ಕಾಲು ಪಾಲು ಕರುಳಿನ ಕಡೆಯಿಂದಲೇ ಬರುವುದರಿಂದ, ತಿಂದ ಆಹಾರದಿಂದ ರಕ್ತಕ್ಕೆ ಸೇರಿದ ಬಹುತೇಕ ವಸ್ತುಗಳು ಮೊದಲು ಲಿವರ್ ದಾಟಿಯೇ ಮೈಗೆ ಹೋಗಬೇಕು. ಅಲ್ಲಿನ ಕಿಣ್ವಗಳು ಮದ್ಯವನ್ನು, ಔಷಧಿಗಳನ್ನು, ಕೀಟನಾಶಕದ ಅಂಶಗಳನ್ನು ಹಂತಹಂತವಾಗಿ ಒಡೆಯುತ್ತವೆ. ನೀರಿನಲ್ಲಿ ಕರಗದ ವಸ್ತುವನ್ನು ಕರಗುವಂತೆ ಮಾಡುತ್ತವೆ. ಪ್ರೋಟೀನ್ ಜೀರ್ಣವಾದಾಗ ಹುಟ್ಟುವ ಅಮೋನಿಯ ಇಲ್ಲಿಯೇ ಯೂರಿಯ ಆಗುತ್ತದೆ. ಹೀಗೆ ಬದಲಾದ ವಸ್ತುಗಳಲ್ಲಿ ಕೆಲವು ಪಿತ್ತರಸದೊಡನೆ ಕರುಳಿಗೆ ಇಳಿದು ಮಲದಲ್ಲಿ ಹೋಗುತ್ತವೆ, ಉಳಿದವು ಕಿಡ್ನಿಗೆ ತಲುಪುತ್ತವೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದ ನೀರು, ಲವಣ, ಸಕ್ಕರೆಯನ್ನು ಮತ್ತೆ ರಕ್ತಕ್ಕೆ ಮರಳಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಶ್ವಾಸಕೋಶ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಕರುಳಿನ ಒಳಪದರದ ಜೀವಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತವೆ. ಆದ್ದರಿಂದ ವರ್ಷಗಟ್ಟಲೆ ಗೋಡೆಗೆ ಮೆತ್ತಿಕೊಂಡ ಮಲ ಎಂಬ ಮಾತಿಗೆ ಆಧಾರವಿಲ್ಲ. ಕೊಲೊನೊಸ್ಕೋಪಿ ಮಾಡುವ ವೈದ್ಯರ ಕಣ್ಣಿಗೆ ಅಂಥ ಪದರ ಬೀಳುವುದಿಲ್ಲ. ಇನ್ನು ಬೆವರು ಹೆಚ್ಚುಕಡಿಮೆ ನೀರು ಮತ್ತು ಉಪ್ಪು. ಅದರ ಕೆಲಸ ಮೈ ತಂಪು ಮಾಡುವುದು. ವಿಷ ವಿಸರ್ಜನೆಯಲ್ಲಿ ಅದರ ಪಾಲು ತೀರ ಚಿಕ್ಕದು.

ಈ ಕೆಲಸ ಹಗಲುರಾತ್ರಿ ಸದ್ದಿಲ್ಲದೆ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದು ನಿಂತರೆ ಏನಾಗುತ್ತದೆಂದು ಡಯಾಲಿಸಿಸ್ ಘಟಕದ ರೋಗಿಗಳಿಗೆ ಗೊತ್ತು. ಕಿಡ್ನಿ ಸೋತವರಿಗೆ ವಾರಕ್ಕೆ ಎರಡು ಮೂರು ಸಲ, ಸುಮಾರು ನಾಲ್ಕು ಗಂಟೆ ಹೊತ್ತು ಯಂತ್ರ ಬೇಕು. ಯಾವ ರಸ ಕುಡಿದರೂ ಆ ಯಂತ್ರದ ಕೆಲಸವಾಗುವುದಿಲ್ಲ.

ಕಣ್ಣಿಗೆ ಕಾಣುವ ‘ಸಾಕ್ಷಿ’

ದೇಹದ ಶುದ್ಧೀಕರಣ ಕಾಣದ ಕೆಲಸವಾದ್ದರಿಂದಲೇ ಕಾಣುವ ಕೊಳೆಗೆ ಜನ ಮರುಳಾಗುತ್ತಾರೆ. ಡಿಟಾಕ್ಸ್ ಚಿಕಿತ್ಸೆಗಳಲ್ಲಿ ಬಹುಪಾಲು ರೋಗಿಯ ಕಣ್ಣೆದುರಿಗೆ ಏನನ್ನಾದರೂ ತೋರಿಸುತ್ತವೆ. ಪರಿಶೀಲಿಸಿದಾಗ, ಆ ಕೊಳೆ ದೇಹದ್ದಲ್ಲ, ಚಿಕಿತ್ಸೆಯೇ ಹುಟ್ಟಿಸಿದ್ದು ಎಂಬುದು ಮತ್ತೆ ಮತ್ತೆ ಹೊರಬಿದ್ದಿದೆ.

ಪಾದದ ವಿದ್ಯುತ್ ತೊಟ್ಟಿಯಲ್ಲಿ ಉಪ್ಪುನೀರು ಇರುತ್ತದೆ, ಲೋಹದ ವಿದ್ಯುದ್ವಾರ ಇರುತ್ತದೆ. ವಿದ್ಯುತ್ ಹರಿದಾಗ ಕಬ್ಬಿಣದ ಅಂಶ ಕರಗಿ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಲು ಇಡದೆ ಯಂತ್ರ ಓಡಿಸಿದರೂ ನೀರು ಹಾಗೆಯೇ ಕಂದಾಗುತ್ತದೆ. ಅಂಗಾಲಿನ ಪಟ್ಟಿಯ ಕಥೆಯೂ ಇದೇ. ಅದರೊಳಗಿನ ಒಣಗಿಸಿದ ಮರದ ವಿನೆಗರ್ ಪುಡಿ ತೇವ ತಾಗಿದಾಗ ಕಪ್ಪಾಗುತ್ತದೆ. ಪಾದದ ಬೆವರಿನ ಬದಲು ನೀರು ಚಿಮುಕಿಸಿದರೂ ಅದೇ ಕಪ್ಪು. ಇಂಥ ಪಟ್ಟಿಗಳನ್ನು ಕಿನೋಕಿ ಹೆಸರಿನಲ್ಲಿ ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಮೊಕದ್ದಮೆ ಹೂಡಿತು. 2010ರಲ್ಲಿ ಅವರ ಮಾರಾಟಕ್ಕೆ ನ್ಯಾಯಾಲಯದ ನಿರ್ಬಂಧ ಬಿತ್ತು.

ಲಿವರ್ ಶುದ್ಧಿಯ ಉಪಾಯ ಇನ್ನೂ ನಂಬಿಸುವಂಥದು. ಕೆಲವು ದಿನ ಸೇಬಿನ ರಸ, ಆಮೇಲೆ ಎಪ್ಸಮ್ ಉಪ್ಪು, ರಾತ್ರಿ ಆಲಿವ್ ಎಣ್ಣೆ ಮತ್ತು ನಿಂಬೆರಸ. ಬೆಳಗ್ಗೆ ಮಲದಲ್ಲಿ ಹಸಿರು ಗುಂಡುಗಳು ಬೀಳುತ್ತವೆ, ಅವೇ ಪಿತ್ತಕೋಶದ ಕಲ್ಲುಗಳೆಂದು ಹೇಳಲಾಗುತ್ತದೆ. ನ್ಯೂಜಿಲೆಂಡಿನಲ್ಲಿ ಮಹಿಳೆಯೊಬ್ಬರು ಹೀಗೆ ಬಿದ್ದ ಗುಂಡುಗಳನ್ನು ಆಸ್ಪತ್ರೆಗೆ ತಂದುಕೊಟ್ಟರು. ಪರೀಕ್ಷೆಯ ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಕೊಲೆಸ್ಟರಾಲ್ ಇರಲಿಲ್ಲ, ಬಿಲಿರುಬಿನ್ ಇರಲಿಲ್ಲ, ಕ್ಯಾಲ್ಸಿಯಂ ಇರಲಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಕರಗಿ ಹಸಿರು ಎಣ್ಣೆಯಾದವು. ಕುಡಿದ ಎಣ್ಣೆಯೇ ಜೀರ್ಣರಸ, ನಿಂಬೆರಸಗಳೊಡನೆ ಬೆರೆತು ಹೊಟ್ಟೆಯಲ್ಲಿ ಸಾಬೂನಿನ ಉಂಡೆಯಾಗಿತ್ತು. ನಿಜವಾದ ಕಲ್ಲು ಪಿತ್ತಕೋಶದಲ್ಲೇ ಉಳಿದಿರುತ್ತದೆ. ಇಷ್ಟೊಂದು ಎಣ್ಣೆ ಕುಡಿದಾಗ ಪಿತ್ತಕೋಶ ಜೋರಾಗಿ ಕುಗ್ಗಿ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳುವ ಭಯವೂ ಉಂಟು.

ಕರುಳು ಶುದ್ಧಿಯ ಪುಡಿಗಳಿಂದ ಹಗ್ಗದಂಥ ಕಪ್ಪು ಪದಾರ್ಥ ಬೀಳುತ್ತದೆ. ಆ ಪುಡಿಯಲ್ಲಿರುವ ಇಸಬ್‌ಗೋಲು ಮತ್ತು ಜೇಡಿಮಣ್ಣು ನೀರು ಹೀರಿ ಕರುಳಿನ ಆಕಾರಕ್ಕೆ ಅಚ್ಚಾಗುವುದೇ ಇದಕ್ಕೆ ಕಾರಣ. ಕಿವಿಗೆ ಉರಿಯುವ ಮೇಣದ ಕೊಳವೆ ಇಟ್ಟು ಕೊಳೆ ತೆಗೆಯುವ ಚಿಕಿತ್ಸೆಯಲ್ಲೂ ಕೊನೆಗೆ ಕೊಳವೆಯಲ್ಲಿ ಸಿಗುವುದು ಅದೇ ಮೇಣದ ಶೇಷ.

ಇಂಥ ಕೈಚಳಕ ನಮ್ಮ ದೇಶಕ್ಕೂ ಹಳೆಯದು. ಕಾಮಾಲೆಯ ರೋಗಿಯ ಕೈಯನ್ನು ಸುಣ್ಣದ ನೀರಿನಲ್ಲಿ ತೊಳೆದು, ನೀರು ಹಳದಿಯಾದಾಗ ಕಾಮಾಲೆ ಇಳಿಯಿತೆಂದು ಹೇಳುವ ಪದ್ಧತಿ ಹಲವೆಡೆ ಇದೆ. ಮಾವಿನ ತೊಗಟೆಯ ರಸವನ್ನು ಮೊದಲೇ ಕೈಗೆ ಸವರಿಕೊಂಡಿದ್ದರೆ ಸುಣ್ಣ ತಾಗಿದೊಡನೆ ಹಳದಿ ಬಣ್ಣ ಬರುತ್ತದೆ. ಹೆಪಟೈಟಿಸ್ ಎ ವೈರಾಣುವಿನಿಂದ ಬರುವ ಕಾಮಾಲೆ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವುದರಿಂದ ಕೀರ್ತಿ ಸುಣ್ಣದ ನೀರಿಗೆ ಸಲ್ಲುತ್ತದೆ. ಆದರೆ ಕಾಮಾಲೆಗೆ ಹೆಪಟೈಟಿಸ್ ಬಿ, ಇಲಿಜ್ವರ, ಪಿತ್ತನಾಳದ ಕಲ್ಲು, ಕ್ಯಾನ್ಸರ್ ಕೂಡ ಕಾರಣವಾಗಬಹುದು. ಅಂಥವರ ಪಾಲಿಗೆ ನೀರು ಹಳದಿಯಾದ ಸಮಾಧಾನದಲ್ಲಿ ಕಳೆದ ದಿನಗಳು ಬಹಳ ದುಬಾರಿ.

ಮೈ ಹಗುರವೆನಿಸುವುದೇಕೆ

ಡಿಟಾಕ್ಸ್ ಮಾಡಿಸಿಕೊಂಡವರು ಮೈ ಹಗುರವಾಯಿತು ಎಂದು ಹೇಳುವುದು ಸುಳ್ಳಲ್ಲ. ಅದಕ್ಕೆ ಕಾರಣ ಬೇರೆ ಇದೆ. ಒಂದು ವಾರ ಮದ್ಯ, ಕರಿದ ತಿಂಡಿ, ಸಿಗರೇಟು ಬಿಟ್ಟು, ಹೊತ್ತಿಗೆ ಸರಿಯಾಗಿ ಮಲಗಿ, ಬೆಳಗ್ಗೆ ನಡೆದಾಡಿದರೆ ಯಾರಿಗಾದರೂ ಹಿತವೆನಿಸುತ್ತದೆ. ಊಟ ಕಡಿಮೆಯಾದಾಗ ಮೊದಲು ಖರ್ಚಾಗುವುದು ಲಿವರ್ ಮತ್ತು ಸ್ನಾಯುಗಳಲ್ಲಿ ಶೇಖರವಾದ ಗ್ಲೈಕೋಜನ್. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುವುದರಿಂದ ಮೂರ್ನಾಲ್ಕು ದಿನದಲ್ಲಿ ತೂಕ ಒಂದೆರಡು ಕೆ.ಜಿ. ಇಳಿಯುತ್ತದೆ. ಊಟ ಮೊದಲಿನಂತಾದ ಮೇಲೆ ಅದೇ ನೀರು ಮರಳಿ ಬಂದು ತೂಕ ಏರುತ್ತದೆ.

ಎರಡನೆಯ ದಿನ ತಲೆನೋವು, ಸುಸ್ತು ಬಂದರೆ ವಿಷ ಹೊರಬರುತ್ತಿರುವ ಲಕ್ಷಣ ಅದು ಎಂದು ಚಿಕಿತ್ಸೆ ಕೊಡುವವರು ಸಮಾಧಾನ ಹೇಳುತ್ತಾರೆ. ದಿನಕ್ಕೆ ಮೂರು ನಾಲ್ಕು ಲೋಟ ಕಾಫಿ ಕುಡಿಯುವವರು ಅದನ್ನು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ತಲೆನೋವು ಬರುವುದು ಎಲ್ಲರಿಗೂ ತಿಳಿದ ಸಂಗತಿ. ಸಕ್ಕರೆ ಇಳಿದದ್ದು, ಉಪ್ಪು ನೀರು ಕಡಿಮೆಯಾದದ್ದು ಇನ್ನುಳಿದ ಕಾರಣಗಳು. ಹಿತವೆನಿಸಿದರೂ ಚಿಕಿತ್ಸೆಯ ಫಲ, ಕಷ್ಟವಾದರೂ ಚಿಕಿತ್ಸೆಯ ಫಲ ಎನ್ನುವ ವಾದಕ್ಕೆ ಸೋಲೆಂಬುದೇ ಇಲ್ಲ. ತಪ್ಪೆಂದು ತೋರಿಸುವ ದಾರಿಯೇ ಇಲ್ಲದ ವಾದವನ್ನು ಸರಿ ಎಂದು ಒಪ್ಪುವುದಕ್ಕೂ ದಾರಿಯಿಲ್ಲ.

ಹಾನಿಯ ದಾಖಲೆ

ಪ್ರಯೋಜನವಿಲ್ಲದಿದ್ದರೆ ಹೋಗಲಿ, ತೊಂದರೆಯಂತೂ ಇಲ್ಲವಲ್ಲ ಎಂಬುದು ಸಾಮಾನ್ಯ ಅಭಿಪ್ರಾಯ. ಭಾರತದ ವೈದ್ಯಕೀಯ ದಾಖಲೆಗಳು ಇದಕ್ಕೆ ವಿರುದ್ಧವಾಗಿವೆ.

ಸೋರೆಕಾಯಿ ಪ್ರತಿ ಮನೆಯ ಅಡುಗೆಯದು. ಅದೇ ಕುಲದ ಕಾಯಿಗಳು ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷವನ್ನು ಹೆಚ್ಚಾಗಿ ತಯಾರಿಸಿಕೊಳ್ಳುತ್ತವೆ. ಪಲ್ಯದಲ್ಲಿ ಕಹಿ ಬಂದರೆ ಯಾರೂ ತಿನ್ನುವುದಿಲ್ಲ. ಆರೋಗ್ಯಕ್ಕೆಂದು ಕುಡಿಯುವ ರಸ ಕಹಿಯಾಗಿದ್ದರೆ ಔಷಧಿ ಕಹಿಯಾಗಿಯೇ ಇರಬೇಕೆಂದು ಕಣ್ಣು ಮುಚ್ಚಿ ಕುಡಿಯುತ್ತಾರೆ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಹೀಗೆ ಕಹಿ ರಸ ಕುಡಿದು ಸಾವಿಗೀಡಾದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿಯ ವರದಿ 2012ರಲ್ಲಿ ಪ್ರಕಟವಾಯಿತು. ರಸ ತೆಗೆಯುವ ಮುನ್ನ ಚೂರು ರುಚಿ ನೋಡಬೇಕು, ಕಹಿಯಿದ್ದರೆ ಇಡೀ ಕಾಯಿ ಬಿಸಾಡಬೇಕು, ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂಬುದು ಅದರ ಸಲಹೆ. ಈ ವಿಷಕ್ಕೆ ಪ್ರತ್ಯೌಷಧವಿಲ್ಲ.

ಕರಾವಳಿಯ ಹಿತ್ತಲಿನಲ್ಲಿ ಬೆಳೆಯುವ ಬಿಂಬುಳಿ ಸಾರಿಗೆ, ಉಪ್ಪಿನಕಾಯಿಗೆ ಒಳ್ಳೆಯದು. ಕೊಲೆಸ್ಟರಾಲ್ ಇಳಿಸುತ್ತದೆಂದು ಅದರ ರಸವನ್ನು ಲೋಟಗಟ್ಟಲೆ ಕುಡಿದ ಹತ್ತು ಜನ ಕಿಡ್ನಿ ವೈಫಲ್ಯಕ್ಕೆ ಒಳಗಾದದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದರು. ಅವರಲ್ಲಿ ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು. ಹಣ್ಣಿನಲ್ಲಿರುವ ಆಕ್ಸಲೇಟ್ ಕಿಡ್ನಿಯಲ್ಲಿ ಹರಳುಗಟ್ಟಿದ್ದೇ ಕಾರಣ. ಪಾಲಕ್‌ನಂಥ ಹಸಿ ಸೊಪ್ಪಿನ ರಸವನ್ನು ದಿನವೂ ಅತಿಯಾಗಿ ಕುಡಿದವರಲ್ಲೂ ಇದೇ ಬಗೆಯ ಹಾನಿ ಬೇರೆ ದೇಶಗಳಲ್ಲಿ ದಾಖಲಾಗಿದೆ. ಅಡುಗೆಯ ಪ್ರಮಾಣದಲ್ಲಿ ಆಹಾರವಾದದ್ದು ರಸದ ಪ್ರಮಾಣದಲ್ಲಿ ವಿಷವಾಗಬಲ್ಲದು.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಗೆ ಬಂತು. ಅದನ್ನು ಸೇವಿಸಿದ ನಂತರ ಲಿವರ್ ಉರಿಯೂತಕ್ಕೆ ಒಳಗಾದ 43 ಜನರ ವಿವರವನ್ನು ದೇಶದ 13 ಕೇಂದ್ರಗಳ ಲಿವರ್ ತಜ್ಞರು 2022ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅಮೃತಬಳ್ಳಿ ಸುರಕ್ಷಿತವೆಂಬ ನಿಲುವಿಗೇ ಅಂಟಿಕೊಂಡಿದೆ. ಮೊದಲೇ ಲಿವರ್ ತೊಂದರೆ ಅಥವಾ ಸ್ವಯಂ ನಿರೋಧಕ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯದಿರುವುದು ಕ್ಷೇಮ. 2008ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಅಂತರ್ಜಾಲದ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಭಾರತ ಮತ್ತು ಅಮೆರಿಕ ಎರಡೂ ಕಡೆ ತಯಾರಾದವುಗಳಲ್ಲಿ ಶೇ. 21ರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ದೇಹದ ವಿಷ ತೆಗೆಯಲೆಂದು ನುಂಗಿದ ಮಾತ್ರೆಯೇ ವಿಷವನ್ನು ತಂದು ತುಂಬುವ ಸಾಧ್ಯತೆ ಹೀಗೆ ಇದೆ.

ಪದೇ ಪದೇ ಎನಿಮಾ ಮಾಡಿಸಿಕೊಂಡರೆ ಪೊಟ್ಯಾಸಿಯಂ, ಸೋಡಿಯಂ ಏರುಪೇರಾಗುತ್ತವೆ. ಕರುಳು ತೂತಾದ ಪ್ರಕರಣಗಳೂ ಇವೆ. ಉಪ್ಪುನೀರು ಕುಡಿದು ಹೊಟ್ಟೆ ತೊಳೆಯುವ ಕ್ರಮ ರಕ್ತದೊತ್ತಡ, ಹೃದಯ, ಕಿಡ್ನಿಯ ರೋಗಿಗಳಿಗೆ ಸಲ್ಲದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ದಿಢೀರನೆ ಉಪವಾಸಕ್ಕೆ ಕೂತರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮಾತ್ರೆ ನಿಲ್ಲಿಸಿದರೆ ಅತಿಯಾಗಿ ಏರಬಹುದು. ಎಳೆಯ ಮಕ್ಕಳ ಬಾಯಿಗೆ ಬಲವಂತವಾಗಿ ಹರಳೆಣ್ಣೆ ಹಾಕುವಾಗ ಅದು ಶ್ವಾಸಕೋಶಕ್ಕೆ ಇಳಿದು ಕಠಿಣ ನ್ಯುಮೋನಿಯ ಆಗುವುದನ್ನು ದಕ್ಷಿಣ ಭಾರತದ ಮಕ್ಕಳ ವೈದ್ಯರು ಬಹಳ ಕಾಲದಿಂದ ಕಂಡಿದ್ದಾರೆ. ಹರಳೆಣ್ಣೆಯ ಮೂಲಕ ಹೊಟ್ಟೆಹುಳು ತೆಗೆಯುವ ಉದ್ದೇಶವಿದ್ದರೆ, ಅದಕ್ಕೆ ಆಲ್ಬೆಂಡಜೋಲ್ ಮಾತ್ರೆ ಇದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಅದನ್ನು ಉಚಿತವಾಗಿ ಕೊಡಲಾಗುತ್ತದೆ.

ನಿಜವಾದ ವಿಷ, ನಿಜವಾದ ಚಿಕಿತ್ಸೆ

ದೇಹಕ್ಕೆ ವಿಷ ಸೇರುವುದೇ ಇಲ್ಲವೆಂದು ಯಾವ ವೈದ್ಯರೂ ಹೇಳುವುದಿಲ್ಲ. ಸೇರಿದಾಗ ವೈದ್ಯಶಾಸ್ತ್ರ ಮಾಡುವ ಕೆಲಸಕ್ಕೂ ಡಿಟಾಕ್ಸ್ ಅಂಗಡಿಯ ಕೆಲಸಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಆಸ್ಪತ್ರೆಯಲ್ಲಿ ವಿಷಕ್ಕೆ ಹೆಸರಿದೆ, ಅಳತೆಯಿದೆ, ಹಲವಕ್ಕೆ ಬೇರೆ ಬೇರೆ ಮದ್ದೂ ಇದೆ. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದರೆ ಅಟ್ರೊಪಿನ್. ಪ್ಯಾರಾಸಿಟಮಾಲ್ ಅತಿಯಾದರೆ ಅಸಿಟೈಲ್‌ಸಿಸ್ಟೀನ್. ಹಾವು ಕಚ್ಚಿದರೆ ಪ್ರತಿವಿಷ. ಮದ್ಯಕ್ಕೆ ಅಂಟಿಕೊಂಡವರು ಒಮ್ಮೆಲೇ ಬಿಟ್ಟಾಗ ಬರುವ ನಡುಕ, ಫಿಟ್ಸ್, ಭ್ರಮೆಗಳನ್ನು ಔಷಧಿಯಿಂದ ತಡೆಯುವ ಕ್ರಮಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗಳಲ್ಲಿ ಡಿಟಾಕ್ಸ್ ಎಂದೇ ಹೆಸರು. ಅದಕ್ಕೂ ಹಸಿರು ರಸಕ್ಕೂ ಸಂಬಂಧವಿಲ್ಲ.

ಸೀಸದ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವಂಥ ಚರಿತ್ರೆಯಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ತುಪ್ಪಿಲ್ ವೆಂಕಟೇಶ್ ಮತ್ತು ಬೆಂಗಳೂರಿನದೇ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೇಶದ ನಗರಗಳ ಮಕ್ಕಳ ರಕ್ತದಲ್ಲಿನ ಸೀಸವನ್ನು ಅಳೆದರು. ಪರೀಕ್ಷಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಅದು ಅಂದಿನ ಅಪಾಯದ ಗಡಿ ದಾಟಿತ್ತು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಅದರ ಮುಖ್ಯ ಮೂಲ. 2000ದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಮಕ್ಕಳ ರಕ್ತದ ಸೀಸ ಇಳಿಯಿತು. ಯಾವ ಮಗುವಿಗೂ ಭೇದಿ ಮಾಡಿಸದೆ ಕೋಟ್ಯಂತರ ಮಕ್ಕಳಿಗೆ ಸಿಕ್ಕ ರಕ್ಷಣೆ ಅದು.

ತುಮಕೂರು ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆಯಿದೆ. ಪಾವಗಡ ಸೀಮೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಊರುಗಳಲ್ಲಿ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಮೂಳೆಗೆ ಸೇರಿದ ಫ್ಲೋರೈಡನ್ನು ರಸ ಕುಡಿದು ತೆಗೆಯಲಾಗದು. ಶುದ್ಧ ಕುಡಿಯುವ ನೀರಿನ ಘಟಕ, ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ನೀರು ತರುವ ಯೋಜನೆ, ಮಳೆನೀರು ಸಂಗ್ರಹ, ಇವೇ ಅದಕ್ಕೆ ಮದ್ದು. ವಿಷವನ್ನು ಅದರ ಮೂಲದಲ್ಲಿ ತಡೆಯುವುದು ಊರಿನ ಕೆಲಸ, ಸರ್ಕಾರದ ಕೆಲಸ. ಒಬ್ಬೊಬ್ಬರು ದುಡ್ಡು ಕೊಟ್ಟು ಕೊಳ್ಳುವ ಪ್ಯಾಕೆಟ್ಟಿನ ಕೆಲಸವಲ್ಲ.

ಕಾನೂನು ಮತ್ತು ಕೇಳಬೇಕಾದ ಪ್ರಶ್ನೆಗಳು

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಮಧುಮೇಹ, ಕ್ಯಾನ್ಸರ್, ಪಿತ್ತಕೋಶ ಮತ್ತು ಕಿಡ್ನಿಯ ಕಲ್ಲು ಸೇರಿದಂತೆ ಪಟ್ಟಿಮಾಡಿದ ಕಾಯಿಲೆಗಳನ್ನು ವಾಸಿಮಾಡುತ್ತೇವೆಂಬ ಜಾಹೀರಾತನ್ನು ನಿಷೇಧಿಸುತ್ತದೆ. ಆದರೆ ವಿಷ ಹೊರಹಾಕುವುದು, ದೇಹಶುದ್ಧಿ ಎಂಬ ಮಾತುಗಳು ಯಾವ ಕಾಯಿಲೆಯನ್ನೂ ಹೆಸರಿಸುವುದಿಲ್ಲ, ಹೀಗಾಗಿ ಬಹುಪಾಲು ಜಾಹೀರಾತುಗಳು ಆ ಕಾಯ್ದೆಯಿಂದ ನುಣುಚಿಕೊಳ್ಳುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕಿಂತ ವಿಶಾಲವಾದದ್ದು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ರಾಜ್ಯದಲ್ಲಿ ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳು, ಆಯುಷ್ ಪದ್ಧತಿಯವೂ ಸೇರಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಆ ನೋಂದಣಿ ಪತ್ರವನ್ನು ನೋಡಿ ಒಳಗೆ ಹೋಗುವ ಹಕ್ಕು ರೋಗಿಗಿದೆ.

ಕಾನೂನಿಗಿಂತ ಹತ್ತಿರದ ರಕ್ಷಣೆ ಪ್ರಶ್ನೆ ಕೇಳುವ ಅಭ್ಯಾಸ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ರಚಿಸಿದರು. ಅವರ ಒತ್ತಾಯ ಸರಳವಾದದ್ದು: ಹೇಳಿಕೆ ಎಷ್ಟೇ ದೊಡ್ಡವರದ್ದಾಗಿರಲಿ, ಎಲ್ಲರೆದುರು ಪರೀಕ್ಷೆಗೆ ನಿಲ್ಲಬೇಕು. ಮಂಗಳೂರಿನ ನರೇಂದ್ರ ನಾಯಕ್, ಸ್ವತಃ ಜೀವರಸಾಯನ ಶಾಸ್ತ್ರದ ಅಧ್ಯಾಪಕರಾಗಿದ್ದವರು, ಹಳ್ಳಿ ಶಾಲೆಗಳವರೆಗೆ ಅದೇ ವಿಧಾನವನ್ನು ಒಯ್ದರು. ಡಿಟಾಕ್ಸ್ ವಿಷಯದಲ್ಲೂ ಅದೇ ವಿಧಾನ ಸಾಕು. ಹೊರಹಾಕುವ ವಿಷದ ಹೆಸರೇನು? ಚಿಕಿತ್ಸೆಗೆ ಮುಂಚೆ ಮತ್ತು ನಂತರ ರಕ್ತದಲ್ಲಿ ಅದರ ಪ್ರಮಾಣ ಎಷ್ಟೆಂದು ಯಾವ ಪ್ರಯೋಗಾಲಯದ ವರದಿ ಹೇಳುತ್ತದೆ? ರೋಗಿಯ ಕಾಲಿಲ್ಲದೆ, ರೋಗಿಯ ಹೊಟ್ಟೆಯಿಲ್ಲದೆ ಅದೇ ಯಂತ್ರ, ಅದೇ ಪುಡಿ ಬಳಸಿದರೆ ಅದೇ ಕೊಳೆ ಕಾಣುತ್ತದೆಯೇ? ಈಗ ನುಂಗುತ್ತಿರುವ ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆ ನಿಲ್ಲಿಸಲು ಹೇಳುತ್ತಾರೆಯೇ? ತೊಂದರೆಯಾದರೆ ಹೊಣೆ ಯಾರು? ಕೊನೆಯ ಎರಡು ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಸಿಗದಿದ್ದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.

ಲಿವರ್ ಮತ್ತು ಕಿಡ್ನಿಗೆ ನೆರವಾಗುವ ಕ್ರಮಗಳು ತಿಳಿದಿವೆ, ಹೆಚ್ಚಿನವಕ್ಕೆ ಖರ್ಚೂ ಇಲ್ಲ. ಮದ್ಯ ಬಿಡುವುದು, ತಂಬಾಕು ಬಿಡುವುದು, ತೂಕ, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಹೆಪಟೈಟಿಸ್ ಬಿ ಲಸಿಕೆ ಹಾಕಿಸುವುದು, ನೋವಿನ ಮಾತ್ರೆಗಳನ್ನು ಅಂಗಡಿಯಲ್ಲಿ ಕೇಳಿ ತಂದು ದಿನವೂ ನುಂಗದಿರುವುದು, ಕುಡಿಯುವ ನೀರನ್ನು ಪರೀಕ್ಷೆ ಮಾಡಿಸುವುದು. ಇವು ಯಾವ ಪಾತ್ರೆಯಲ್ಲೂ ಕೊಳೆ ತೋರಿಸುವುದಿಲ್ಲ. ಇವುಗಳ ಫಲ ವರ್ಷಗಳ ನಂತರ, ಬಾರದೆ ಹೋದ ಕಾಯಿಲೆಯ ರೂಪದಲ್ಲಿ ಸಿಗುತ್ತದೆ.